ವುಡ್, ಗ್ರೀನ್, ಕಾಮನ್: ಈ ಸ್ಯಾಂಡ್‌ಪೈಪರ್‌ಗಳನ್ನು ಗುರುತಿಸೋದು ಹೇಗೆ?

ಪ್ರಶ್ನೆ: ನೀರಂಚಿನ ಹಕ್ಕಿಗಳಾದ ವುಡ್, ಗ್ರೀನ್, ಕಾಮನ್ ಸ್ಯಾಂಡ್‌ಪೈಪರ್ ಮೂರೂ ದೂರದಿಂದ ಒಂದೇ ಥರ ಕಾಣುತ್ತವೆ. ಸ್ಟಿಂಟ್ ಎಂಬ ಇನ್ನೂ ಪುಟ್ಟ ನೀರಂಚಿನ ಹಕ್ಕಿಗಳಲ್ಲಿ ಕಾಲಿನ ಬಣ್ಣ ನಂಬಿದರೆ ಅದೂ ಕೈಕೊಡುತ್ತಿದೆ. 8×42 ಬೈನಾಕ್ಯುಲರ್ ಇದೆ, ಸ್ಕೋಪ್ (ದೂರದರ್ಶಕ) ಇಲ್ಲ. ಮೊದಲು ಏನು ನೋಡಬೇಕು? ತಿಳಿದವರು ಹೇಳಿ.

ಉತ್ತರ 1: ಮೊದಲು ಕಾಮನ್ ಅನ್ನು ಪಟ್ಟಿಯಿಂದ ತೆಗೆಯಿರಿ, ಅದು ಸುಲಭ. ಹೊಟ್ಟೆಯ ಬಿಳಿ ಬಣ್ಣ ಎದೆಯ ಕಂದು ಮತ್ತು ಮಡಚಿದ ರೆಕ್ಕೆಯ ನಡುವೆ ಭುಜದ ತನಕ ನುಗ್ಗಿರುತ್ತದೆ. ಬಾಲ ರೆಕ್ಕೆಯ ತುದಿಗಿಂತ ಆಚೆಗೆ ಚಾಚಿರುತ್ತದೆ. ಹಿಂಭಾಗ ಸದಾ ಕುಣಿಯುತ್ತಿರುತ್ತದೆ, ಆದರೆ ಉಳಿದೆರಡೂ ಆಗಾಗ ಹಾಗೆ ಮಾಡುವುದರಿಂದ ಕುಣಿತವೊಂದನ್ನೇ ನೆಚ್ಚಬೇಡಿ. ಹಾರುವಾಗ ನೀರಿಗೆ ತಾಗಿದಂತೆ ಕೆಳಗೆ, ರೆಕ್ಕೆಯನ್ನು ಬಿಗಿಯಾಗಿ ಪಟಪಟ ಬಡಿದು ನಡುನಡುವೆ ತೇಲುತ್ತದೆ.

ನಿಜವಾದ ಗೊಂದಲ ವುಡ್ ಮತ್ತು ಗ್ರೀನ್‌ನದು. ನಿಂತಿರುವಾಗ ಹುಬ್ಬು ನೋಡಿ. ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹೋಗುತ್ತದೆ. ಗ್ರೀನ್‌ಗೆ ಅದು ಕಣ್ಣಿನ ಮುಂದೆಯೇ ನಿಲ್ಲುತ್ತದೆ, ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣುತ್ತದೆ. ವುಡ್ ತೆಳ್ಳಗೆ, ಉದ್ದ ಹಳದಿ ಛಾಯೆಯ ಕಾಲು, ಬೆನ್ನ ತುಂಬ ದೊಡ್ಡ ಚುಕ್ಕೆ. ಗ್ರೀನ್‌ನ ಮೈ ದುಂಡಗೆ, ಬೆನ್ನು ಹೆಚ್ಚು ಕಪ್ಪು, ಚುಕ್ಕೆ ಸಣ್ಣ.

ಉತ್ತರ 2: ಇದಕ್ಕೆ ಸೇರಿಸುವುದಾದರೆ, ರೆಕ್ಕೆಯ ಅಡಿಭಾಗ. ಗ್ರೀನ್‌ಗೆ ಬಹುತೇಕ ಕಪ್ಪು, ವುಡ್‌ಗೆ ಮಾಸಲು ಬಿಳಿ. ಸೊಂಟದ ಬಿಳಿ ಎರಡಕ್ಕೂ ಇರುವುದರಿಂದ "ಬಿಳಿ ಸೊಂಟ ಕಂಡೆ, ಗ್ರೀನ್" ಎಂದು ಬರೆದರೆ ತಪ್ಪಾಗುತ್ತದೆ. ಕೂಗು ಇನ್ನೂ ಗಟ್ಟಿ ಸಾಕ್ಷಿ: ವುಡ್ ಚುರುಕಾಗಿ ಒಂದೇ ಸ್ಥಾಯಿಯಲ್ಲಿ "ಚಿಫ್-ಇಫ್-ಇಫ್" ಅನ್ನುತ್ತದೆ, ಗ್ರೀನ್‌ದು ಏರುವ ಸಿಳ್ಳೆ, "ಟ್ಲೂಈಟ್-ವೀಟ್-ವೀಟ್".

ಒಂದು ಮಾತು: ರೆಕ್ಕೆ ನೋಡಲೆಂದು ಹಕ್ಕಿಯನ್ನು ಎಬ್ಬಿಸಬೇಡಿ. ವಲಸೆಗೆ ಕೊಬ್ಬು ಕೂಡಿಸಿಕೊಳ್ಳುವ ಹೊತ್ತಿನಲ್ಲಿ ಪ್ರತಿ ಹಾರಾಟವೂ ಅದಕ್ಕೆ ನಷ್ಟ. ಕಾದರೆ ಪುಕ್ಕ ತಿದ್ದಿಕೊಳ್ಳುವಾಗ ತಾನೇ ರೆಕ್ಕೆ ಎತ್ತುತ್ತದೆ.

ಉತ್ತರ 3: ಸ್ಟಿಂಟ್ ವಿಷಯ. ಲಿಟಲ್ ಸ್ಟಿಂಟ್‌ಗೆ ಕಪ್ಪು ಕಾಲು, ಟೆಮಿಂಕ್ಸ್ ಸ್ಟಿಂಟ್‌ಗೆ ಹಳದಿ-ಹಸಿರು ಎನ್ನುವುದು ಸರಿಯೇ. ಕೆಸರು ಮೆತ್ತಿದರೆ, ಅಥವಾ ಬೆಳಕು ಎದುರಿಗಿದ್ದರೆ, ಎರಡೂ ಕಪ್ಪು. ಹಾಗಾಗಿ ಎದೆಗೆ ಬನ್ನಿ. ಟೆಮಿಂಕ್ಸ್‌ನ ಎದೆಗೆ ಅಡ್ಡಲಾಗಿ ಬೂದುಗಂದು ಬಳಿದಿರುತ್ತದೆ, ಪುಟ್ಟ ಕಾಮನ್ ಸ್ಯಾಂಡ್‌ಪೈಪರ್‌ನಂತೆ. ಚಳಿಗಾಲದ ಲಿಟಲ್‌ನ ಎದೆ ನಡುವೆ ಬಿಳಿ, ಬದಿಗಳಲ್ಲಷ್ಟೇ ಬೂದು. ನಡಿಗೆಯೂ ಬೇರೆ. ಲಿಟಲ್ ಬಯಲು ಕೆಸರಿನಲ್ಲಿ ಓಡೋಡಿ ಕುಕ್ಕುತ್ತದೆ, ಟೆಮಿಂಕ್ಸ್ ಕಾಲು ಮಡಚಿದ ಹಾಗೆ ತಗ್ಗಿ ಹುಲ್ಲಂಚಿನಲ್ಲಿ ನಿಧಾನಕ್ಕೆ ಸರಿಯುತ್ತದೆ. ಟೆಮಿಂಕ್ಸ್ ಹಾರಿದರೆ ಬಾಲದ ಎರಡೂ ಅಂಚು ಅಪ್ಪಟ ಬಿಳಿ.

ಉತ್ತರ 4: ಸ್ಕೋಪ್ ಇಲ್ಲದವರು ಬೆನ್ನಿಗೆ ಬಿಸಿಲು ಬೀಳುವ ಕಡೆ ನಿಲ್ಲಬೇಕು. ಮಧ್ಯಾಹ್ನ ಬಿಸಿಗಾಳಿ ಅಲುಗಿದಾಗ ಕಾಲು, ಕೊಕ್ಕು ಎರಡೂ ಉದ್ದವಾಗಿ ತೋರುತ್ತವೆ, ಆ ಹೊತ್ತಿನ ಅಳತೆ ನಂಬುವಂಥದ್ದಲ್ಲ. ಒಂಟಿ ಹಕ್ಕಿಯ ಗಾತ್ರವನ್ನೂ ಅಷ್ಟೇ. ಅದರ ಮೈಯಲ್ಲೇ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸಿ. ಗ್ರೇಟರ್, ಲೆಸ್ಸರ್ ಎಂಬ ಸ್ಯಾಂಡ್ ಪ್ಲೋವರ್ ಹಕ್ಕಿಗಳಲ್ಲೂ ಇದೇ ಉಪಾಯ: ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿವರೆಗಿನ ದೂರಕ್ಕಿಂತ ಕೊಕ್ಕು ಸ್ಪಷ್ಟವಾಗಿ ಉದ್ದವಿದ್ದರೆ ಗ್ರೇಟರ್ ಕಡೆಗೆ ವಾಲಬಹುದು. ತಲೆ ಪೂರ್ತಿ ಪಕ್ಕಕ್ಕೆ ತಿರುಗಿದಾಗಲೇ ಅಳೆಯಿರಿ. ತಲೆ ಓರೆಯಾಗಿದ್ದರೆ ಕೊಕ್ಕು ಗಿಡ್ಡವಾಗಿ ಕಂಡು ಗ್ರೇಟರ್ ಕೂಡ ಲೆಸ್ಸರ್ ಆಗಿಬಿಡುತ್ತದೆ.