ಹಳೆ ಟರ್ಬೊ ಸೆಡಾನ್ ದಿನಾ ಓಡಿಸುವವರು ಅನುಭವ ಹೇಳಿ

ಮೈಸೂರು ಸವಾರ:
2005ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಒಂದನ್ನು ನೋಡಿದ್ದೇನೆ. ಬೆಂಗಳೂರು ನಂಬರ್, ಮೂರನೇ ಓನರ್, 1.1 ಲಕ್ಷ ಕಿ.ಮೀ. ಓಡಿದೆ. 4.25 ಲಕ್ಷ ಹೇಳುತ್ತಿದ್ದಾರೆ. ಆರ್‌ಸಿ ರಿನ್ಯೂ ಆಗಿದೆಯಂತೆ. ಮನೆಗೆ ಇದೊಂದೇ ಕಾರು. ದಿನಾ ಮೈಸೂರೊಳಗೆ ಆಫೀಸು, ಆಗಾಗ ಸಕಲೇಶಪುರಕ್ಕೆ ಅಪ್ಪ ಅಮ್ಮನ ಹತ್ತಿರ. ಇದನ್ನು ನಂಬಬಹುದಾ? ಇಲ್ಲಾ ಫಿಯೆಟ್ ಲಿನಿಯಾ ಟಿ-ಜೆಟ್ ಥರದ್ದು ನೋಡಲಾ? ಇಟ್ಟುಕೊಂಡವರು ದಯವಿಟ್ಟು ಹೇಳಿ.

ಜಾಲಹಳ್ಳಿ 1.8ಟಿ:
ನನ್ನ ಹತ್ತಿರ ಇರುವುದು ಇದೇ ಗಾಡಿ, ಹಳದಿ ಬಣ್ಣ. ಇವತ್ತಿಗೂ ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ. ಯುರೋಪಿನಲ್ಲಿ ಆರ್‌ಎಸ್ ಹೆಸರಲ್ಲಿ ಮಾರಿದ ಇದೇ ಗಾಡಿಯಲ್ಲಿ ಇದೇ 1.8 ಟರ್ಬೊ 180 ಪಿಎಸ್ ಶಕ್ತಿ ಕೊಡುತ್ತಿತ್ತು. ನಮಗೆ ಕೊಟ್ಟಿದ್ದು 150. ಅಂದರೆ ಎಂಜಿನ್ ಮೇಲೆ ಒತ್ತಡ ಕಡಿಮೆ. ಸರಿಯಾಗಿ ನೋಡಿಕೊಂಡರೆ ಬಾಳಿಕೆ ಜಾಸ್ತಿ ಎನ್ನುವುದು ನನ್ನ ಅನುಭವ.

ಖರ್ಚು ಮುಚ್ಚಿಡುವುದಿಲ್ಲ. ಬಿಲ್ ಎಲ್ಲ ಫೈಲ್‌ನಲ್ಲಿದೆ. ತೆಗೆದುಕೊಂಡ ಮೇಲೆ ಟೈಮಿಂಗ್ ಬೆಲ್ಟ್ ಕಿಟ್ ಮತ್ತು ವಾಟರ್ ಪಂಪ್ 24,000. ಪಂಪ್ ಕೂಡ ಅದೇ ಬೆಲ್ಟ್‌ನಲ್ಲಿ ತಿರುಗುತ್ತೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯದರಲ್ಲಿ ಪ್ಲಾಸ್ಟಿಕ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ) ಇತ್ತು, ಹಠ ಹಿಡಿದು ಲೋಹದ್ದು ಹಾಕಿಸಿದೆ. ಕ್ಲಚ್ ಸೆಟ್ 31,000. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ನಾಲ್ಕಕ್ಕೆ 11,200. ಆಡಿ ಆರ್8ರ ಕೆಂಪು ಕಾಯಿಲ್‌ಗಳೇ ಇದಕ್ಕೆ ಕೂರುತ್ತವೆ, ಅದನ್ನೇ ಹಾಕಿದ್ದೇನೆ. ಟರ್ಬೊ ರೀಬಿಲ್ಡ್ 48,000. ಸಸ್ಪೆನ್ಷನ್‌ನ ಕಂಟ್ರೋಲ್ ಆರ್ಮ್ ರಬ್ಬರ್ ಬುಷ್ 9,500. ಎಂಜಿನ್ ಹೆಡ್‌ಗೆ ಅಂಟಿಕೊಂಡಿರುವ ಪ್ಲಾಸ್ಟಿಕ್ ಕೂಲಂಟ್ ಫ್ಲೇಂಜ್ (ಕೂಲಂಟ್ ಪೈಪ್ ಜೋಡಿಸುವ ಭಾಗ) ಕೂಲಿ ಸೇರಿ 5,400. ಒಟ್ಟು 1,29,100. ಅದಾದ ಮೇಲೆ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬಿಟ್ಟರೆ ಬೇರೇನೂ ಇಲ್ಲ.

ಒಂದು ಮಾತು. 2005ರ ಗಾಡಿಗೆ 2020ರಲ್ಲಿ ಹದಿನೈದು ವರ್ಷ ತುಂಬಿತು. ಆಗ ಐದು ವರ್ಷಕ್ಕೆ ರಿನ್ಯೂ ಆಗಿರುತ್ತೆ. ಮಾರುವವರು ಹೇಳುತ್ತಿರುವುದು ಆ ರಿನ್ಯೂವಲ್ಲಾ, ಅದಾದ ಮೇಲಿನದಾ ಅಂತ ಕೇಳಿ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಫೀಸ್ ಈಗ 10,000.

ಉಡುಪಿ ವಿಟೆಕ್:
ಒಂದೂಕಾಲು ಲಕ್ಷ ಸುರಿದ ಮೇಲೆ ಯಾವ ಗಾಡಿಯೂ ಓಡುತ್ತದೆ ಮಾರಾಯ್ರೆ. ನಂಬಿಕೆ ಎಂದರೆ ಅದಲ್ಲ. ನನ್ನದು 2002ರ ಹೋಂಡಾ ಸಿಟಿ ವಿಟೆಕ್, 1.5 ಲೀಟರ್, 106 ಬಿಎಚ್‌ಪಿ. ಟರ್ಬೊ ಇಲ್ಲ, ಇಂಟರ್‌ಕೂಲರ್ ಇಲ್ಲ, ವ್ಯಾಕ್ಯೂಮ್ ಪೈಪಿನ ಗೋಜಲಿಲ್ಲ. ಆರ್‌ಪಿಎಂ ಮೇಲಕ್ಕೇರಿದಾಗ ಎಂಜಿನ್ ಹೇಗೆ ಹಾಡುತ್ತದೆ ಎನ್ನುವುದು ಓಡಿಸಿದವರಿಗೇ ಗೊತ್ತು. ಆಗುಂಬೆ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಬಿಟ್ಟರೆ ಹೊಸ ಟರ್ಬೊ ಗಾಡಿಗಳು ಹಿಂದೆ ಉಳಿಯುತ್ತವೆ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹೋಗಿತ್ತು. ಸೆಕೆಂಡ್ ಹ್ಯಾಂಡ್ 6,500ಕ್ಕೆ ಸಿಕ್ಕಿತು. ಟೈಮಿಂಗ್ ಬೆಲ್ಟ್ ಕೂಲಿ ಸೇರಿ 8,500. ಎಂಜಿನ್ ಮೌಂಟಿಂಗ್ 7,200. ನನಗೆ ನಿಜವಾಗಿ ನೋವು ಕೊಟ್ಟಿದ್ದು ತುಕ್ಕು. ಕರಾವಳಿಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಹಿಂದಿನ ಚಕ್ರದ ಕಮಾನು ಎರಡೂ ಕಡೆ ಕೊರೆದು ಹೋಗಿತ್ತು. ಕತ್ತರಿಸಿ ಹೊಸ ತಗಡು ಬೆಸೆದು ಪೇಂಟ್ ಮಾಡಿಸಲು 38,000. ಮೊದಲು ಕೊಟ್ಟ ಗ್ಯಾರೇಜಿನವನು ತಗಡೇ ಹಾಕದೆ ಬರೀ ಪುಟ್ಟಿ ಮೆತ್ತಿ 14,000 ತೆಗೆದುಕೊಂಡಿದ್ದ. ಮುಂದಿನ ಮಳೆಗಾಲದಲ್ಲಿ ಗುಳ್ಳೆ ಎದ್ದು ಎಲ್ಲ ಉದುರಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಜಾಲಹಳ್ಳಿ 1.8ಟಿ:
ಅವರು ಕೇಳಿದ್ದು ಪರ್ಫಾರ್ಮೆನ್ಸ್ ಸೆಡಾನ್ ಬಗ್ಗೆ. 106 ಬಿಎಚ್‌ಪಿ ಇವತ್ತು ಯಾವ ಹ್ಯಾಚ್‌ಬ್ಯಾಕ್‌ನಲ್ಲಿ ಇಲ್ಲ ಹೇಳಿ?

ಉಡುಪಿ ವಿಟೆಕ್:
2002ರಲ್ಲಿ ಯಾವ ಹ್ಯಾಚ್‌ಬ್ಯಾಕ್‌ನಲ್ಲಿ ಇತ್ತು, ನೀವು ಹೇಳಿ. ಆ ಕಾಲಕ್ಕೆ ನಮ್ಮ ರಸ್ತೆಯಲ್ಲಿ ಈ ದುಡ್ಡಿಗೆ ಇಷ್ಟು ಚುರುಕಾದ ಸೆಡಾನ್ ಬೇರೆ ಯಾವುದಿತ್ತು? ಬರೀ ಸಂಖ್ಯೆ ಹಿಡಿದು ಮಾತಾಡಬೇಡಿ. ಹಗುರ ಗಾಡಿ ಅದು.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನನ್ನ ಕತೆ ಕೇಳಿ. ಕಂಪನಿ ಹೆಸರು ಹೇಳುವುದಿಲ್ಲ. 2012ರ ಟರ್ಬೊ ಪೆಟ್ರೋಲ್ ಸೆಡಾನ್, ಏಳು ಗೇರಿನ ಡ್ರೈ ಟ್ವಿನ್ ಕ್ಲಚ್, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. ಹೈವೇಯಲ್ಲಿ ಬೆಣ್ಣೆ. ಸಿಲ್ಕ್ ಬೋರ್ಡ್, ಮಾರತಹಳ್ಳಿ ಟ್ರಾಫಿಕ್‌ನಲ್ಲಿ ದಿನಾ ತೆವಳಿದರೆ ಅದೇ ಗೇರ್‌ಬಾಕ್ಸ್ ಸಾಯುತ್ತೆ. ಯಾಕೆ ಅಂತಲೂ ಹೇಳುತ್ತೇನೆ. ಡ್ರೈ ಕ್ಲಚ್‌ಗೆ ಆಯಿಲ್‌ನ ತಂಪಿಲ್ಲ. ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತೆ. ಬಿಸಿ ಏರುತ್ತೆ. ಗೇರ್ ಹಾಕುವ ಕೆಲಸ ಮೆಕಾಟ್ರಾನಿಕ್ ಯೂನಿಟ್‌ನದು, ಅದಕ್ಕೆ ಒಳಗೆ ಆಯಿಲ್ ಒತ್ತಡ ಬೇಕು. ಆ ಒತ್ತಡ ಕೈಕೊಟ್ಟ ಕ್ಷಣ ಗಾಡಿ ನಡುರಸ್ತೆಯಲ್ಲಿ ನ್ಯೂಟ್ರಲ್. ನನಗೆ ಆಗಿದ್ದು ಫ್ಲೈಓವರ್ ಮೇಲೆ, ಹೆಂಡತಿ ಮಗು ಒಳಗಿದ್ದಾಗ. ಹಿಂದಿನಿಂದ ಬಸ್ ಹಾರ್ನ್.

ಸರ್ವಿಸ್ ಸೆಂಟರ್ ಎಸ್ಟಿಮೇಟ್: ಮೆಕಾಟ್ರಾನಿಕ್ 1,86,000. ಕ್ಲಚ್ ಪ್ಯಾಕ್ 92,000. ಕೂಲಿ 18,500. ಒಟ್ಟು 2,96,500. ಗಾಡಿಗೆ ಆಗ ಬರುತ್ತಿದ್ದ ಬೆಲೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೊರಗೆ ರಿಪೇರಿ ಮಾಡಿಸಿದೆ, 1,15,000. ಮಳೆಗಾಲ ಮುಗಿಯುವಷ್ಟರಲ್ಲಿ ಗೇರ್‌ಬಾಕ್ಸ್ ಎಚ್ಚರಿಕೆಯ ಲೈಟ್ ಮತ್ತೆ ಮಿನುಗಿತು. ರಿಪೇರಿ ಮಾಡಿದವರು ಫೋನ್ ಎತ್ತಲಿಲ್ಲ. 1.7 ಲಕ್ಷಕ್ಕೆ ಡೀಲರ್‌ಗೆ ಕೊಟ್ಟೆ. ಈಗ ಓಡಿಸುವುದು ಸಾಧಾರಣ ಮ್ಯಾನ್ಯುಯಲ್ ಹ್ಯಾಚ್‌ಬ್ಯಾಕ್. ರಾತ್ರಿ ನಿದ್ದೆ ಬರುತ್ತೆ.

ಜಾಲಹಳ್ಳಿ 1.8ಟಿ:
ವಿಆರ್‌ಎಸ್ ಐದು ಗೇರಿನ ಮ್ಯಾನ್ಯುಯಲ್. ನಿಮ್ಮ ಕತೆಗೂ ಇದಕ್ಕೂ ಏನು ಸಂಬಂಧ?

ಸಿಲ್ಕ್ ಬೋರ್ಡ್ ಸಂತ್ರಸ್ತ:
ಸಂಬಂಧ ಇದೆ. ಹೊಸದರಲ್ಲಿ ಇಪ್ಪತ್ತು ಲಕ್ಷದ ಹತ್ತಿರ ಇದ್ದ ಕಾರು ಹಳೆಯದಾಗಿ ನಾಲ್ಕು ಲಕ್ಷಕ್ಕೆ ಸಿಗಬಹುದು. ಅದರ ಪಾರ್ಟ್ಸ್ ಬೆಲೆ ಮಾತ್ರ ಇಪ್ಪತ್ತು ಲಕ್ಷದ ಕಾರಿನದೇ ಆಗಿ ಉಳಿಯುತ್ತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹುಬ್ಬಳ್ಳಿ ಸೀಡಿಯಾ:
ಬೆಲೆ ಇರಲಿ ಬಿಡ್ರಿ. ದುಡ್ಡು ಇದ್ದವರು ಕೊಡುತ್ತಾರೆ, ಇಲ್ಲದವರು ಬಿಡುತ್ತಾರೆ. ಕಾಯುವುದರ ಬಗ್ಗೆ ಯಾರೂ ಬರೆದಿಲ್ಲ. ನನ್ನದು ಮಿತ್ಸುಬಿಶಿ ಲ್ಯಾನ್ಸರ್ ಸೀಡಿಯಾ, 2.0 ಲೀಟರ್, 115 ಪಿಎಸ್. ತಿರುವಳ್ಳೂರಿನ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಜೋಡಿಸಿದ ಗಾಡಿ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್, ರ‍್ಯಾಲಿಗಳಲ್ಲಿ ಹೆಸರು ಮಾಡಿದ ಚಾಸಿ. ತಿರುವಿನಲ್ಲಿ ಇದರಷ್ಟು ಧೈರ್ಯ ಕೊಡುವ ಗಾಡಿ ನಾನು ಓಡಿಸಿಲ್ಲ. ಎಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ.

ಆದರೆ ಹಿಂದಿನ ಟ್ರೇಲಿಂಗ್ ಆರ್ಮ್ ಬುಷ್ ಹೋದಾಗ ಏನಾಯಿತು ಗೊತ್ತೇನ್ರಿ? ಹುಬ್ಬಳ್ಳಿಯಲ್ಲಿ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಕೇಳಿದೆ, ಇಲ್ಲ. ಚೆನ್ನೈಯಲ್ಲಿ ಒಬ್ಬರು ಇದೆ ಎಂದು ಮುಂಗಡ 3,000 ಹಾಕಿಸಿಕೊಂಡು ಬೇರೆ ಮಾಡೆಲ್‌ದು ಕಳಿಸಿದರು. ವಾಪಸ್ ತಗೊಳ್ಳಲಿಲ್ಲ. ಕೊನೆಗೆ ದುಬೈಯಲ್ಲಿದ್ದ ಅಳಿಯ ತಂದ. ಅಲ್ಲಿ ಓಡುವ ಲ್ಯಾನ್ಸರ್‌ನ ಸಸ್ಪೆನ್ಷನ್ ಭಾಗ ನಮ್ಮದಕ್ಕೂ ಕೂರುತ್ತವೆ. ಬುಷ್‌ಗೆ ಕೊಟ್ಟಿದ್ದು ನಮ್ಮ ದುಡ್ಡಿನಲ್ಲಿ 5,200, ಅಷ್ಟೇ. ಗಾಡಿ ಮಾತ್ರ ಗೋಕುಲ ರೋಡಿನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಇಟ್ಟಿಗೆ ಮೇಲೆ ನಿಂತಿತ್ತು. ಮನೆಯಲ್ಲಿ ಇನ್ನೊಂದು ಕಾರು ಇದ್ದದ್ದಕ್ಕೆ ನಾನು ಉಳಿದೆ. ಒಂದೇ ಕಾರು ಇದ್ದವರು ಆ ತಿಂಗಳುಗಳಲ್ಲಿ ಏನು ಮಾಡಬೇಕು? ಅದನ್ನು ಮೊದಲು ಲೆಕ್ಕ ಹಾಕ್ರಿ.

ಮೈಸೂರು ಸವಾರ:
ಎಲ್ಲರಿಗೂ ಧನ್ಯವಾದ. ಲಿನಿಯಾ ಟಿ-ಜೆಟ್ ಬಗ್ಗೆ ಯಾರಾದರೂ ಹೇಳುತ್ತೀರಾ?

ಸ್ಟುಟ್‌ಗಾರ್ಟ್ ಕನ್ನಡಿಗ:
ಇಲ್ಲಿ ಬಿಎಂಡಬ್ಲ್ಯು 330ಐ ಓಡಿಸುತ್ತೇನೆ. 2003ರದು, ಇ46 ಬಾಡಿ, ಸ್ಟ್ರೈಟ್ ಸಿಕ್ಸ್ (ಸಾಲಾಗಿ ಆರು ಸಿಲಿಂಡರ್), 231 ಪಿಎಸ್. ದಿನಾ ಕೆಲಸಕ್ಕೆ ಅದೇ. ಇದರಲ್ಲಿ ಏನು ಯಾವಾಗ ಹೋಗುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೇ ಕಾಯದೆ ಕೂಲಿಂಗ್ ಸಿಸ್ಟಮ್ ಪೂರ್ತಿ ಬದಲಾಯಿಸಿದೆ: ರೇಡಿಯೇಟರ್, ಎಕ್ಸ್‌ಪ್ಯಾನ್ಷನ್ ಟ್ಯಾಂಕ್, ಥರ್ಮೋಸ್ಟಾಟ್, ವಾಟರ್ ಪಂಪ್, ಎಲ್ಲ ಸೇರಿ 540 ಯೂರೋ. ಮನೆ ಮುಂದೆ ನಾನೇ ಕೂರಿಸಿದೆ. ವಾಲ್ವ್ ಟೈಮಿಂಗ್ ಬದಲಿಸುವ ವ್ಯಾನೋಸ್ ಭಾಗದ ಸೀಲ್ 60 ಯೂರೋ. ಎರಡು ವರ್ಷಕ್ಕೊಮ್ಮೆ ಟ್ಯೂಫ್ ಅನ್ನುವ ಕಡ್ಡಾಯ ವಾಹನ ತಪಾಸಣೆ ಇರುತ್ತೆ. ಅಲ್ಲಿ ತುಕ್ಕು, ಬ್ರೇಕ್, ಬುಷ್ ಒಂದನ್ನೂ ಬಿಡುವುದಿಲ್ಲ. ನಮ್ಮೂರಲ್ಲೂ ಇಷ್ಟು ಶಿಸ್ತು ಇದ್ದರೆ ಹಳೆ ಗಾಡಿ ನಂಬಬಹುದು. ಹೋಗುವ ಮೊದಲೇ ಬದಲಾಯಿಸಬೇಕು, ಅಷ್ಟೇ.

ಹುಬ್ಬಳ್ಳಿ ಸೀಡಿಯಾ:
ಸ್ವಾಮಿ, ನಿಮಗೆ ಇವತ್ತು ಆರ್ಡರ್ ಮಾಡಿದರೆ ನಾಳೆ ಬಾಗಿಲಿಗೆ ಬರುತ್ತೆ. ಶಿಸ್ತು ನಮಗೂ ಇದೆ. ಇಲ್ಲದ್ದು ಪಾರ್ಟ್ಸ್. ಹೋಗುವ ಮೊದಲೇ ಬದಲಾಯಿಸಲು ಮೊದಲು ಸಿಗಬೇಕಲ್ಲ? ಜರ್ಮನಿಯಲ್ಲಿ ಕೂತು ಜರ್ಮನ್ ಗಾಡಿ ಓಡಿಸುತ್ತಾ ನಮಗೆ ಶಿಸ್ತು ಹೇಳಬೇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ:
ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ನನ್ನ ಗಾಡಿಯ ಬಾಗಿಲ ಕೆಳಗಿನ ಸಿಲ್ ಎರಡೂ ಬೆಸೆದಿದ್ದೇನೆ, 1,150 ಯೂರೋ ಹೋಯಿತು. ಇಲ್ಲಿ ಎಲ್ಲ ಸುಲಭ ಅಂದುಕೊಳ್ಳಬೇಡಿ. ನಿಮ್ಮ ಗಾಡಿಗೆ ಪಾರ್ಟ್ಸ್ ಸಿಗದಿದ್ದರೆ ಅದು ನನ್ನ ತಪ್ಪಾ?

ಉಡುಪಿ ವಿಟೆಕ್:
ಉಪ್ಪಿನ ವಿಷಯದಲ್ಲಿ ನಾನು ಅವರ ಪರ. ತುಕ್ಕು ಹಿಡಿದವನಿಗೆ ಮಾತ್ರ ಗೊತ್ತು.

ರಂಜನಗಾಂವ್ ಪ್ರೇಮಿ, ದಾವಣಗೆರೆ:
ಟಿ-ಜೆಟ್ ಕೇಳಿದ್ದಾರೆ, ಯಾರಿಗೂ ಕಾಣಿಸಲಿಲ್ಲ ಅಲ್ವಾ? ನನ್ನದು 2011ರದು. 1.4 ಟರ್ಬೊ, 114 ಪಿಎಸ್, 207 ಎನ್‌ಎಂ ಟಾರ್ಕ್. ಹೈಡ್ರಾಲಿಕ್ ಸ್ಟೀರಿಂಗ್. ರಸ್ತೆ ಹೇಗಿದೆ ಅನ್ನುವುದು ಅಂಗೈಗೆ ತಿಳಿಯುತ್ತೆ. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗ್‌ನಲ್ಲಿ ಅದು ಸತ್ತೇ ಹೋಗಿದೆ. ಬಾಡಿ ಗಟ್ಟಿ, ಬಾಗಿಲು ಹಾಕಿದ ಸದ್ದಲ್ಲೇ ಗೊತ್ತಾಗುತ್ತೆ. ಫಿಯೆಟ್ ಹೋಯಿತು ಅಂತ ಜನ ಹೆದರುತ್ತಾರೆ. ಸಸ್ಪೆನ್ಷನ್, ಬ್ರೇಕ್ ಭಾಗ ಎಷ್ಟೋ ಅವರದೇ ಪುಂಟೋ ಕಾರಿನಿಂದಲೇ ಬರುತ್ತವೆ, ಹೊರಗೂ ಸಿಗುತ್ತವೆ. ಟರ್ಬೊ ಎಂಜಿನ್‌ಗೆ ಮಾತ್ರ ಸಂಬಂಧಪಟ್ಟದ್ದು ಬಂದಾಗ ಕಷ್ಟ. ಇಂಟರ್‌ಕೂಲರ್ ಹೋಸ್ ಸೀಳಿದಾಗ ಸಿಗಲೇ ಇಲ್ಲ. ಸಿಲಿಕೋನ್ ಹೋಸ್ ಅಳತೆ ಕೊಟ್ಟು ಮಾಡಿಸಿದೆ, 3,800. ಕಂಪನಿ ಹೋಸ್‌ಗಿಂತ ಚೆನ್ನಾಗಿದೆ. ಎಸಿ ಕಂಪ್ರೆಸರ್ 22,000, ಕ್ಲಚ್ 16,500, ಸ್ಟೀರಿಂಗ್ ರ‍್ಯಾಕ್ ರೀಕಂಡೀಷನ್ 12,000.

ಈಗ ನನ್ನ ಚಿಂತೆ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2011ರ ಗಾಡಿ ಇದಕ್ಕೆ ಮಾಡಿದ್ದಲ್ಲ. ಮೈಲೇಜ್ ಬಿದ್ದಿದೆ.

ಜಾಲಹಳ್ಳಿ 1.8ಟಿ:
ಇ20ಯ ಆಕ್ಟೇನ್ 95. ಟರ್ಬೊಗೆ ಅದು ಒಳ್ಳೆಯದೇ, ನಾಕಿಂಗ್ (ಎಂಜಿನ್ ಒಳಗಿನ ಬಡಿತ) ಕಡಿಮೆ. ಸುಮ್ನೆ ಹೆದರಿಸಬೇಡಿ.

ರಂಜನಗಾಂವ್ ಪ್ರೇಮಿ, ದಾವಣಗೆರೆ:
ಸುಮ್ನೆ ಅಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಐದರಲ್ಲಿ ಒಂದು ಪಾಲು ಅದನ್ನೇ ಸೇರಿಸಿದರೆ ಆರೇಳು ಶೇಕಡಾ ಹೋಗಲೇಬೇಕು. ಅದು ಲೆಕ್ಕ. ಮೈಲೇಜ್ ಹೋಗಲಿ, ರಬ್ಬರ್ ಕತೆ ಏನು? ಹದಿನೈದು ವರ್ಷದ ಫ್ಯೂಯಲ್ ಹೋಸ್, ಓ-ರಿಂಗ್ ಎಥೆನಾಲ್‌ನಲ್ಲಿ ನೆನೆದರೆ ಉಬ್ಬಿ ಬಿರುಕು ಬಿಡುತ್ತೆ. ನನ್ನ ಗಾಡಿಯ ಹೋಸ್ ಎಲ್ಲ ಬದಲಾಯಿಸಿದೆ, 4,600. ಬಿಸಿ ಟರ್ಬೊ ಇರುವ ಜಾಗದಲ್ಲಿ ಪೆಟ್ರೋಲ್ ಸೋರಿದರೆ ಗತಿ ಏನು? ನಿಮ್ಮ ಒಂದೂಕಾಲು ಲಕ್ಷದ ಬಿಲ್‌ನಲ್ಲಿ ಫ್ಯೂಯಲ್ ಹೋಸ್ ಕಾಣಲಿಲ್ಲ.

ಜಾಲಹಳ್ಳಿ 1.8ಟಿ:
ನನ್ನ ಬಿಲ್ ಬಗ್ಗೆ ನೀವು ಮಾತಾಡಬೇಡಿ. ನನ್ನ ಗಾಡಿ ರಸ್ತೆಯಲ್ಲಿ ನಿಂತದ್ದಿಲ್ಲ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ನನ್ನದೂ ನಿಲ್ಲುವ ಹಿಂದಿನ ದಿನದವರೆಗೆ ನಿಂತಿರಲಿಲ್ಲ.

ಉಡುಪಿ ವಿಟೆಕ್:
ಜಗಳ ಬಿಡಿ. ಜೆ.ಸಿ. ರಸ್ತೆ ಮಾಲಿನ ಬಗ್ಗೆ ಒಂದು ಎಚ್ಚರಿಕೆ. ನನ್ನ ಸಿಟಿಗೆ ಒರಿಜಿನಲ್ ಡಬ್ಬಿಯಲ್ಲಿ ನಕಲಿ ಬೇರಿಂಗ್ ಕೊಟ್ಟಿದ್ದರು. ಹಾಕಿದ ಸ್ವಲ್ಪ ದಿನಕ್ಕೇ ಗುಂಯ್ ಅನ್ನಲು ಶುರುವಾಯಿತು. 2,400 ಮತ್ತು ಎರಡು ಸಲದ ಕೂಲಿ ಹೋಯಿತು.

ಹುಬ್ಬಳ್ಳಿ ಸೀಡಿಯಾ:
ಇಡೀ ರಸ್ತೆಯನ್ನು ದೂರಬೇಡ್ರಿ. ಅಲ್ಲೇ ಒಬ್ಬ ಹಿರಿಯರು ನನ್ನ ಕ್ಲಚ್ ಪ್ಲೇಟ್ ಕೈಯಲ್ಲಿ ಹಿಡಿದು ನೋಡಿ, ಬೇರೆ ಯಾವ ಗಾಡಿಯದು ಕೂರುತ್ತೆ ಎಂದು ಹೇಳಿ ಕಳಿಸಿದರು. ಪೈಸೆ ತಗೊಳ್ಳಲಿಲ್ಲ. ಅಂಥವರು ಇರುವುದಕ್ಕೇ ನಮ್ಮ ಗಾಡಿ ಇನ್ನೂ ಓಡುತ್ತಿವೆ.

ಮೈಸೂರು ಸವಾರ:
ಮಾರುವವರನ್ನು ಕೇಳಿದೆ. ಆರ್‌ಸಿ 2020ರಲ್ಲಿ ರಿನ್ಯೂ ಆದದ್ದು, ಅವಧಿ ಮುಗಿದಿದೆ. ಮತ್ತೆ ಮಾಡಿಸಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅನ್ನುವುದಕ್ಕೂ ಬಿಲ್ ಇಲ್ಲ.

ಜಾಲಹಳ್ಳಿ 1.8ಟಿ:
ಹಾಗಿದ್ದರೆ 4.25 ಕೊಡಬೇಡಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ಅವರೇ ರಿನ್ಯೂ ಮಾಡಿಸಿಕೊಡಲಿ. ಬೆಲ್ಟ್, ಪಂಪ್, ಕಾಯಿಲ್, ಫ್ಲೇಂಜ್ ಇಷ್ಟಕ್ಕೆ 40,000 ಇಳಿಸಲಿ. ಬೆಲ್ಟ್ ತುಂಡಾದರೆ ಎಂಜಿನ್ನೇ ಹಾಳು, ಅದು ಬದಲಾಗುವವರೆಗೆ ಎಂಜಿನ್ ಸ್ಟಾರ್ಟ್ ಕೂಡ ಮಾಡಬೇಡಿ, ಫ್ಲಾಟ್‌ಬೆಡ್‌ನಲ್ಲಿ ಗ್ಯಾರೇಜಿಗೆ ತನ್ನಿ.

ಹುಬ್ಬಳ್ಳಿ ಸೀಡಿಯಾ:
ಇಳಿಸಿದರೂ ಮನೆಗೆ ಒಂದೇ ಕಾರು ಅಂದರೆ ನಾನು ಬೇಡ ಅನ್ನುತ್ತೇನೆ. ಹಟ ಇದ್ದರೆ ಜೊತೆಗೆ ಒಂದು ಹಳೆ ಸ್ಕೂಟರ್ ಇಟ್ಟುಕೊಳ್ರಿ.

ಜಾಲಹಳ್ಳಿ 1.8ಟಿ:
ಸ್ಕೂಟರ್ ಯಾಕೆ? ನನ್ನ ಹತ್ತಿರ ಎಕ್ಸ್‌ಟ್ರಾ ಕಾಯಿಲ್ ಎರಡು, ಟರ್ಬೊದ 710ಎನ್ ಡೈವರ್ಟರ್ ವಾಲ್ವ್ ಒಂದು, ಕೂಲಂಟ್ ಫ್ಲೇಂಜ್ ಒಂದು ಡಿಕ್ಕಿಯಲ್ಲೇ ಇದೆ. ತೆಗೆದುಕೊಂಡರೆ ಹೇಳಿ, ಫ್ಲೇಂಜ್ ಕೊಂಡ ಬೆಲೆಗೇ ಕೊಡುತ್ತೇನೆ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಡಿಕ್ಕಿಯಲ್ಲಿ ಅರ್ಧ ಅಂಗಡಿ ಹೊತ್ತುಕೊಂಡು ತಿರುಗುವುದಕ್ಕೆ ನಂಬಿಕಸ್ಥ ಗಾಡಿ ಅಂತ ಹೆಸರಾ?

ಜಾಲಹಳ್ಳಿ 1.8ಟಿ:
ಹೌದು. ನನ್ನ ಮಟ್ಟಿಗೆ ಅದೇ. ಮೈಸೂರಿನವರೇ, ಫ್ಲೇಂಜ್ ಬೇಕಾ ಬೇಡವಾ ಭಾನುವಾರದೊಳಗೆ ಹೇಳಿ. ಇನ್ನೊಬ್ಬರು ಕೇಳುತ್ತಿದ್ದಾರೆ.