ಅಜ್ಜಿಯ ಗಂಟಿನ ನಾಣ್ಯಗಳು: ಒಂದು ಕಪ್ಪು, ಒಂದು ಹಸಿರು, ಒಂದು ಹಾಗೇ ಯಾಕೆ?

ಪ್ರಶ್ನೆ (ಶಿರಸಿಯಿಂದ):
ಮೇಡಂ, ನಮಸ್ಕಾರ. ಮೊನ್ನೆ ಅಜ್ಜಿಯ ಮರದ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲಿ ಒಂದು ಬಟ್ಟೆ ಗಂಟು ಸಿಕ್ಕಿತು. ವಿಕ್ಟೋರಿಯಾ ರಾಣಿಯ ಎರಡು ಬೆಳ್ಳಿ ರೂಪಾಯಿ, ಏಳು ಕಾಲಾಣೆ, ಒಂದು ತೂತು ಕಾಸು, ಆರು ಮೂಲೆಯ ಮೂರು ಪೈಸೆ, ಘೇಂಡಾಮೃಗದ ನಾಲ್ಕಾಣೆ. ಎಲ್ಲ ಒಂದೇ ಗಂಟಿನಲ್ಲಿದ್ದವು. ಆದರೂ ಬೆಳ್ಳಿ ಕಪ್ಪಾಗಿದೆ, ಕಾಲಾಣೆ ಕಂದಾಗಿದೆ, ತೂತು ಕಾಸಿನ ಮೇಲೆ ಹಸಿರು. ನಾಲ್ಕಾಣೆ ಮಾತ್ರ ನಿನ್ನೆ ಅಂಗಡಿಯವರು ಚಿಲ್ಲರೆ ಕೊಟ್ಟ ಹಾಗಿದೆ. ಯಾಕೆ ಹೀಗೆ? ಹುಣಸೆಹುಳಿ, ಉಪ್ಪು ಹಾಕಿ ಉಜ್ಜಿಬಿಡಲಾ ಅಂತ ಅಮ್ಮ ಕೇಳ್ತಿದ್ದಾರೆ.

ಉತ್ತರ (ಲೋಹದ ವಸ್ತುಗಳ ಸಂರಕ್ಷಣೆ ನನ್ನ ಕೆಲಸ):
ನಮಸ್ಕಾರ. ಮೊದಲು ಅಮ್ಮನಿಗೆ ಹೇಳಿ, ಹುಣಸೆಹುಳಿ ದೇವರ ದೀಪಕ್ಕೆ ಇರಲಿ, ಈ ಗಂಟಿಗೆ ಬೇಡ. ಕಾರಣ ಆಮೇಲೆ ಹೇಳ್ತೀನಿ.

ಗಾಳಿ ಒಂದೇ ಆದರೂ ಒಂದೊಂದು ಲೋಹಕ್ಕೆ ಅದರಲ್ಲಿ ಬೇರೆ ಬೇರೆ ವಸ್ತು ಹಿಡಿಸುತ್ತದೆ. ಬೆಳ್ಳಿಗೆ ಗಂಧಕ ಕಂಡರೆ ಆಯಿತು. ಅಡುಗೆಮನೆಯ ಹೊಗೆ, ಮೊಟ್ಟೆ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಇವುಗಳಿಂದ ಬರುವ ಚೂರೇ ಚೂರು ಗಂಧಕ ಸಾಕು, ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕೂರುತ್ತದೆ. ನಿಮ್ಮ ರಾಣಿ ರೂಪಾಯಿಯನ್ನು ಕಿಟಕಿ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಎಲ್ಲ ಕಡೆ ಒಂದೇ ಕಪ್ಪು ಇರುವುದಿಲ್ಲ. ಪದರ ತೆಳ್ಳಗಿರುವ ಕಡೆ ಹಳದಿ, ಆಮೇಲೆ ಚಿನ್ನದ ಕಂದು, ಆಮೇಲೆ ನೇರಳೆ, ನೀಲಿ, ಕೊನೆಗೆ ಕಪ್ಪು. ಮಳೆ ನೀರಿನ ಮೇಲೆ ಎಣ್ಣೆ ಬಿದ್ದಾಗ ಬಣ್ಣ ಆಡುತ್ತದಲ್ಲ, ಅದೇ ಲೆಕ್ಕ: ಪದರದ ದಪ್ಪ ಬದಲಾದ ಹಾಗೆ ಬಣ್ಣ ಬದಲಾಗುತ್ತದೆ. ರಾಣಿಯ ಕೆನ್ನೆ ಬೆಳ್ಳಗೆ, ಕಿವಿಯ ಪಕ್ಕದ ತಗ್ಗು, ಅಕ್ಷರಗಳ ಸಂದು ಕಪ್ಪಗೆ ಇರುತ್ತದೆ. ಎತ್ತರದ ಜಾಗ ಕೈ ತಾಗಿ ಉಜ್ಜಿಹೋಗುತ್ತದೆ, ತಗ್ಗಿನದು ಹಾಗೇ ಉಳಿಯುತ್ತದೆ. ನನಗೆ ಇದು ನೋಡುವುದೇ ಒಂದು ಸಂತೋಷ.

ಆ ರೂಪಾಯಿ 11.66 ಗ್ರಾಂ ತೂಕ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು: 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ತಾಮ್ರ ಜಾಸ್ತಿ ಇರುವುದರಿಂದ ಅದರ ಬಣ್ಣವೂ ಬೇರೆ, ಮಾಸಿದ ಬೂದಿ, ಸ್ವಲ್ಪ ಹಳದಿ. ತಾತನ ಕಾಲದ ಎರಡು 'ಬೆಳ್ಳಿ' ರೂಪಾಯಿ ಪಕ್ಕಪಕ್ಕ ಇಟ್ಟಾಗ ಒಂದು ಚೆನ್ನಾಗಿ ಕಪ್ಪಾಗಿ ಇನ್ನೊಂದು ಕೊಳಕಾಗಿ ಕಂಡರೆ ಅದು ಖೋಟಾ ಅಂತ ಎಸೆಯಬೇಡಿ, ಇಸವಿ ನೋಡಿ.

ಕಾಲಾಣೆ 1906ರವರೆಗೆ ತಾಮ್ರ, ಆಮೇಲೆ ಕಂಚು. ಎರಡೂ ಮೊದಲು ಕೆಂಪು, ಆಮೇಲೆ ಕಂದು, ಆಮೇಲೆ ಕಾಫಿ ಬಣ್ಣ. ಈ ಗಟ್ಟಿ ಕಂದು ಪದರ ಒಳಗಿನ ಲೋಹವನ್ನು ಕಾಯುತ್ತದೆ. ಅದು ಕೊಳೆಯಲ್ಲ, ನಾಣ್ಯದ ಚರ್ಮ.

ನಾಲ್ಕಾಣೆ ಸ್ಟೇನ್‌ಲೆಸ್ ಸ್ಟೀಲ್. ಘೇಂಡಾಮೃಗದ 25 ಪೈಸೆ 1988ರಲ್ಲಿ ಬಂತು. ಅದರೊಳಗಿನ ಕ್ರೋಮಿಯಂ ಕಣ್ಣಿಗೆ ಕಾಣದ ಒಂದು ಪದರ ಹೊದೆಸಿ ಕೂತಿದೆ. ಗೀರಿದರೂ ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ.

ಈಗ ತೂತು ಕಾಸು. ಇದು 1943ರಿಂದ 47ರವರೆಗಿನ ಕಂಚಿನ ಕಾಸು. ಹಸಿರು ಎರಡು ಥರ ಇರುತ್ತದೆ. ನಯವಾಗಿ, ಗಟ್ಟಿಯಾಗಿ, ಕಡು ಹಸಿರಾಗಿದ್ದರೆ ಸುಮ್ನೆ ಬಿಡಿ. ತಿಳಿ ಹಸಿರಿನ ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದಿದ್ದರೆ ನನಗೆ ಆತಂಕ. ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ತಾಗಿಸಿ. ಪುಡಿ ಉದುರಿ, ಅಡಿಯಲ್ಲಿ ಗುಳಿ ಕಂಡರೆ ಅದು ಕಂಚಿನ ರೋಗ. ಕ್ಲೋರೈಡ್, ಅಂದರೆ ಉಪ್ಪಿನಂಶ, ಲೋಹದೊಳಗೆ ಸೇರಿಕೊಂಡು, ತೇವ ಮತ್ತು ಗಾಳಿ ಸಿಕ್ಕಾಗಲೆಲ್ಲ ಒಳಗಿಂದ ತಿನ್ನುತ್ತದೆ. ಒರೆಸಿದರೂ ಮತ್ತೆ ಬರುತ್ತದೆ. ನಿಮ್ಮ ಕಡೆಯ ಮಳೆಗಾಲ ಇದಕ್ಕೆ ಬಹಳ ಅನುಕೂಲ.

ಈಗ ಗೊತ್ತಾಯಿತಲ್ವಾ, ಹುಣಸೆಹುಳಿ ಜೊತೆ ಉಪ್ಪು ಯಾಕೆ ಬೇಡ ಅಂದೆ ಅಂತ? ಹುಳಿ ಆ ಕಂದು ಚರ್ಮವನ್ನು ಕರಗಿಸಿ ಹಸಿ ತಾಮ್ರ ತೆರೆದಿಡುತ್ತದೆ. ಉಪ್ಪು ಅದೇ ರೋಗವನ್ನು ಕರೆದು ತರುತ್ತದೆ. ಒಮ್ಮೆ ಒಬ್ಬರು ಟಿಪ್ಪು ಕಾಲದ ಆನೆ ಕಾಸು ತಂದಿದ್ದರು. ಉಪ್ಪು, ಹುಣಸೆ, ಇಟ್ಟಿಗೆ ಪುಡಿ, ಮೂರೂ ಆಗಿತ್ತು. ಕಾಸು ಗುಲಾಬಿ ಬಣ್ಣಕ್ಕೆ ಥಳಥಳ ಹೊಳೆಯುತ್ತಿತ್ತು. ಆನೆಯ ಸೊಂಡಿಲ ಗೆರೆ ಮಾತ್ರ ಸವೆದು ಹೋಗಿತ್ತು. ಅದನ್ನು ವಾಪಸ್ ತರುವ ಔಷಧ ನನ್ನ ಹತ್ತಿರ ಇಲ್ಲ.

ಪ್ರಶ್ನೆ (ಕುಂದಾಪುರದಿಂದ):
ನಮ್ಮಲ್ಲಿರುವ ಹತ್ತು ಪೈಸೆ ಅಲ್ಯೂಮಿನಿಯಂ ನಾಣ್ಯಗಳ ಮೇಲೆ ಬಿಳಿ ಪುಡಿ ಎದ್ದು ಗುಳಿ ಬಿದ್ದಿದೆ. ಅಲ್ಯೂಮಿನಿಯಂ ಹಾಳಾಗಲ್ಲ ಅಂತಾರಲ್ಲ?

ಉತ್ತರ:
ಒಣ ಜಾಗದಲ್ಲಿ ನಿಜವಾಗಿ ಹಾಳಾಗಲ್ಲ. ಅದರ ಆಕ್ಸೈಡ್ ಪದರ ಕಾಯುತ್ತದೆ. ಆದರೆ ನಿಮ್ಮದು ಸಮುದ್ರದ ಗಾಳಿ. ಉಪ್ಪು ಆ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ, ಆ ಬಿಳಿ ಪುಡಿ ಅದೇ. ತಾಮ್ರದ ಕಾಸಿನ ಜೊತೆ ಒಂದೇ ಡಬ್ಬದಲ್ಲಿದ್ದು ತೇವವೂ ಸೇರಿದರೆ ಇನ್ನೂ ಬೇಗ ತಿನ್ನುತ್ತದೆ, ಬ್ಯಾಟರಿಯಲ್ಲಿ ಆಗುವ ಹಾಗೆ. ಬೇರೆ ಬೇರೆ ಇಡಿ. ವಾಷಿಂಗ್ ಸೋಡಾ, ಸುಣ್ಣ ತಾಗಿಸಬೇಡಿ, ಅಲ್ಯೂಮಿನಿಯಂ ಕರಗಿಯೇ ಹೋಗುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ):
ಮೇಡಂ, ನನ್ನ ನಾಣ್ಯಗಳು ಆಲ್ಬಮ್‌ನಲ್ಲೇ ಇವೆ, ಮುಟ್ಟೋದೇ ಇಲ್ಲ. ಆದರೂ ಹಸಿರು ಅಂಟು ಬಂದಿದೆ.

ಉತ್ತರ:
ಆಲ್ಬಮ್ ಹಾಳೆ ಮೆತ್ತಗಿದೆಯಾ, ಹೊಸ ಮಳೆಕೋಟಿನ ವಾಸನೆ ಬರುತ್ತಾ? ಹಾಗಿದ್ದರೆ ಅದು ಪಿವಿಸಿ ಎಂಬ ಪ್ಲಾಸ್ಟಿಕ್. ಕಾಲ ಕಳೆದಂತೆ ಅದರಿಂದ ಆಮ್ಲ ಹೊರಬಿದ್ದು ನಾಣ್ಯವನ್ನು ತಿನ್ನುತ್ತದೆ. ಇವತ್ತೇ ಹೊರಗೆ ತೆಗೆಯಿರಿ. ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಅಂಟು ಬಿಡುತ್ತದೆ, ಲೋಹಕ್ಕೆ ಏನೂ ಆಗಲ್ಲ. ಗಾಜಿನ ಬಟ್ಟಲು, ತೆರೆದ ಕಿಟಕಿ, ಹತ್ತಿರ ಒಲೆ ಇರಬಾರದು. ನೇಲ್ ಪಾಲಿಶ್ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಬಣ್ಣ ಸೇರಿರುತ್ತದೆ. ಉಜ್ಜದೆ ಹಾಗೇ ಒಣಗಲು ಬಿಡಿ. ಆಮೇಲೆ ಮೈಲಾರ್ (ಪಿವಿಸಿ ಇಲ್ಲದ ಪಾಲಿಯೆಸ್ಟರ್ ಹಾಳೆ) ಕವರಿನಲ್ಲಿ ಇಡಿ.

ಪ್ರಶ್ನೆ (ಶಿರಸಿಯಿಂದ, ಮತ್ತೆ):
ಹಲ್ಲುಕಡ್ಡಿ ತಾಗಿಸಿ ನೋಡಿದೆ ಮೇಡಂ. ಎರಡು ಕಡೆ ಪುಡಿ ಉದುರಿತು. ಇನ್ನೊಂದು ವಿಷಯ, ಒಂದು ರಾಣಿ ರೂಪಾಯಿಯ ಮೇಲೆ ಅಡ್ಡಲಾಗಿ ನೇರ ಕಪ್ಪು ಗೆರೆ ಇದೆ. ಒಡೆದಿದೆಯಾ?

ಉತ್ತರ:
ಒಡೆದಿಲ್ಲ. ಅಜ್ಜಿ ಎಂದೋ ಒಂದು ದಿನ ಎರಡೂ ರೂಪಾಯಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿರಬೇಕು. ರಬ್ಬರಿನ ಗಂಧಕ ತಾಗಿದ ಕಡೆ ಗೆರೆ ಉಳಿದಿದೆ. ಇನ್ನೊಂದು ರೂಪಾಯಿಯ ಹಿಂಬದಿ ನೋಡಿ, ಅಲ್ಲೂ ಇರಬಹುದು. ಅದನ್ನು ಅಳಿಸಬೇಡಿ, ಅಜ್ಜಿ ಕೈಯ ಗುರುತು ಅದು.

ತೂತು ಕಾಸನ್ನು ಇವತ್ತೇ ಬೇರೆ ಮಾಡಿ. ಗಾಳಿಯಾಡದ ಚಿಕ್ಕ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಔಷಧಿ ಬಾಟಲಿಯಲ್ಲಿ ಬರುತ್ತದಲ್ಲ, ಅದು ನಡೆಯುತ್ತದೆ. ಈ ರೋಗ ತಡೆಯಲು ನಾವು ಬಳಸುವ ಬೆಂಜೋಟ್ರಯಾಜೋಲ್ ಎಂಬ ರಾಸಾಯನಿಕ ಮನೆಯಲ್ಲಿ ಬೇಡ. ಒಂದು ತಿಂಗಳು ಬಿಟ್ಟು ಅದೇ ಎರಡು ಜಾಗದ ಫೋಟೋ ಇಲ್ಲೇ ಹಾಕಿ. ಪುಡಿ ಮತ್ತೆ ಎದ್ದಿದ್ದರೆ ಕಾಸನ್ನು ನನ್ನ ಹತ್ತಿರ ತನ್ನಿ.