ಹಳೇ ಟ್ರ್ಯಾಕ್ಟರ್: ಎಂಜಿನ್ ಬೋರ್ ಮಾಡಿಸೋದಾ, ಎಕ್ಸ್‌ಚೇಂಜ್‌ಗೆ ಕೊಡೋದಾ? ಮೇಸ್ತ್ರಿಗೆ ಕೇಳಿ

ಎರಿಹೊಲ, ನವಲಗುಂದ: ನಮಸ್ಕಾರ್ರೀ ಮೇಸ್ತ್ರಿ. 2007ರ ಗಾಡಿ, 3 ಸಿಲಿಂಡರ್, 39 ಎಚ್‌ಪಿ. ಮೀಟರ್ 6,200 ತಾಸಿಗೆ ನಿಂತೇತಿ. ನೀಲಿ ಹೊಗಿ ಸ್ವಲ್ಪ ಐತಿ. ವಿಚಿತ್ರ ಏನಂದ್ರ ಎಂಜಿನ್ ಆಯಿಲ್ ಕಡಿಮಿ ಆಗವಲ್ದು, ಏರಾಕತ್ತೇತಿ. ಆಯಿಲ್ ಬದಲಿ ಮಾಡಿ 30 ತಾಸಿನಾಗ ಸ್ಟಿಕ್‌ನ ಮ್ಯಾಲಿನ ಗೆರಿ ದಾಟಿ ಒಂದು ಬೆರಳು ಬಂದೇತಿ. ಇಲ್ಲಿ ಎಂಜಿನ್ ಬಿಚ್ಚಿ ಲೈನರ್, ಪಿಸ್ಟನ್, ರಿಂಗ್ ಹೊಸಾವು ಹಾಕೋ ಬೋರ್ ಕೆಲಸಕ್ಕ 85,000 ಹೇಳ್ಯಾರ. ಶೋರೂಮಿನ್ಯಾಗ 1.6 ಲಕ್ಷಕ್ಕ ಹಳೇದು ತಗೊಂಡು 7.2 ಲಕ್ಷದ ಹೊಸಾದು ಕೊಡ್ತೀವಿ ಅಂತಾರ. ಯಾವುದು ಮಾಡ್ಲಿ?

ಮೇಸ್ತ್ರಿ: ಎರಡೂ ಆಮೇಲೆ. ಮೊದಲು ಗಾಡಿ ಸ್ಟಾರ್ಟ್ ಮಾಡೋದು ನಿಲ್ಲಿಸಿ. ನಾಳೆ ಗೊಬ್ಬರ ಹೇರೋದಿದ್ದರೂ ಬೇಡ.

ಆಯಿಲ್ ತಾನಾಗೇ ಹೆಚ್ಚಲ್ಲ. ಒಳಗೆ ನೀರು ಸೇರ್ತಿದೆ, ಇಲ್ಲಾ ಡೀಸೆಲ್ ಸೇರ್ತಿದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು: ಹೆಡ್ ಗ್ಯಾಸ್ಕೆಟ್, ಬಿರುಕು ಬಿಟ್ಟ ಹೆಡ್, ವೆಟ್ ಲೈನರ್ (ಹೊರಗೆ ನೀರು ತಾಗೋ ಸಿಲಿಂಡರ್ ಕೊಳವೆ) ಆದರೆ ಕೆಳಗಿನ ಓ-ರಿಂಗ್. ಕಪ್ಪಗೇ ಇದ್ದು ತೆಳ್ಳಗಾಗಿದ್ದರೆ ಡೀಸೆಲ್. ಬಣ್ಣ ನೋಡಿ ಗೊತ್ತಾಗದಿದ್ದರೆ ಬಿಸಿ ತವೆ ಮೇಲೆ ಒಂದೇ ತೊಟ್ಟು ಬಿಡಿ, ಮುಖ ಹಿಂದಿಟ್ಟುಕೊಂಡು. ಚಟಪಟ ಅಂದರೆ ನೀರಿದೆ. ಇನ್ನೊಂದು ತೊಟ್ಟು ನ್ಯೂಸ್‌ಪೇಪರ್ ಮೇಲೆ ಬಿಟ್ಟು ಒಂದು ಗಂಟೆ ಬಿಡಿ. ನಡುವೆ ಕಪ್ಪು ಮಚ್ಚೆ, ಸುತ್ತ ತಿಳಿ ಎಣ್ಣೆ ಉಂಗುರ ಅಗಲವಾಗಿ ಹರಡಿದ್ದರೆ ಡೀಸೆಲ್. ಮೂಸಿದರೂ ಗೊತ್ತಾಗುತ್ತೆ.

ಡೀಸೆಲ್ ಅಂತಾದರೆ ದಾರಿ ಮೂರು: ಟ್ಯಾಂಕಿನಿಂದ ಡೀಸೆಲ್ ಎಳೆಯೋ ಲಿಫ್ಟ್ ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಹರಿದಿರೋದು, ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲ್ ಹೋಗಿರೋದು, ಡೀಸೆಲ್ ಚಿಮ್ಮಿಸೋ ನಾಜಲ್ ಸೋರಿ ಸಿಲಿಂಡರ್ ಗೋಡೆ ತೊಳೆಯೋದು. ಲಿಫ್ಟ್ ಪಂಪನ್ನು ಬ್ಲಾಕಿನಿಂದ ಬಿಚ್ಚಿ, ಡೀಸೆಲ್ ಪೈಪ್ ಹಾಗೇ ಇಟ್ಟು, ಕೈಯಿಂದ ಇಪ್ಪತ್ತು ಸಲ ಒತ್ತಿ. ಕ್ಯಾಮ್ ಲಿವರ್ ಇರೋ ಕಡೆ ತೊಟ್ಟಿಕ್ಕಿದರೆ ಕಳ್ಳ ಅಲ್ಲೇ ಸಿಕ್ಕ. ಡಯಾಫ್ರಮ್ ನೂರರ ಲೆಕ್ಕ, ಪಂಪ್ ರಿಪೇರಿ ಸಾವಿರದ ಲೆಕ್ಕ. ಅದನ್ನು ನೋಡದೆ 85,000ದ ಮಾತು ಯಾಕೆ?

ಓಡಿಸಬೇಡಿ ಅಂದಿದ್ದಕ್ಕೆ ಕಾರಣ ಎರಡು. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತೆ. ಅದಕ್ಕಿಂತ ಕೆಟ್ಟದ್ದು, ತುಂಬಿ ತುಳುಕೋ ಆಯಿಲ್, ಎಂಜಿನ್ ಹಬೆ ಬಿಡೋ ಕೊಳವೆಯಾದ ಬ್ರೀದರ್‌ನಿಂದಲೋ ರಿಂಗ್ ಸಂದಿನಿಂದಲೋ ಸಿಲಿಂಡರಿಗೆ ಹೋದರೆ ಎಂಜಿನ್ ಅದನ್ನೇ ಉರಿಸಿಕೊಂಡು ರೇಸ್ ಏರ್ತಾ ಹೋಗುತ್ತೆ. ಆಗ ಸ್ಟಾಪ್ ಎಳೆದರೂ ನಿಲ್ಲಲ್ಲ, ಅದು ಕುಡೀತಿರೋದು ಪಂಪಿನ ಡೀಸೆಲ್ ಅಲ್ಲವಲ್ಲ. ಗಾಳಿ ಹೋಗೋ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು. ಕೈ ಅಡ್ಡ ಇಡಬಾರದು. ಸೀಟಲ್ಲಿದ್ದರೆ ಬ್ರೇಕ್ ಒತ್ತಿ ಹಿಡಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ನೀವು ಹೇಳೋ ನೀಲಿ ಹೊಗೆ ಇದರದ್ದೇ ಮುನ್ಸೂಚನೆ ಇರಬಹುದು.

ಭತ್ತದಗದ್ದೆ, ಮಂಡ್ಯ: ಅಣ್ಣಾ, ಟ್ರೈಲರ್ ಎಳೆಯುವಾಗ ಕಪ್ಪು ಹೊಗೆ. ಗಾಡಿ ಮಾರಿಬಿಡ್ಲಾ?

ಮೇಸ್ತ್ರಿ: ಏರ್ ಫಿಲ್ಟರ್ ಬಿಚ್ಚಿ ನೋಡಿ. ಆಯಿಲ್ ಬಾತ್ (ಬಟ್ಟಲಿನ ಎಣ್ಣೆಯಲ್ಲಿ ಧೂಳು ಹಿಡಿಯೋದು) ಆದರೆ ಬಟ್ಟಲಿನ ಕೆಸರು ತೊಳೆದು ಗುರುತಿನವರೆಗೆ ಹೊಸ ಆಯಿಲ್. ಆಮೇಲೂ ಬಂದರೆ ನಾಜಲ್ ಟೆಸ್ಟಿಂಗ್‌ಗೆ ಕೊಡಿ.

ಕೆಂಪುಮಣ್ಣು, ಕೋಲಾರ: ಟ್ಯಾಂಕಿಗೆ 4 ನುಸಿಗುಳಿಗೆ ಹಾಕಿದ್ರೆ ಹೊಗೆ ನಿಂತು ಪಿಕಪ್ ಬರುತ್ತೆ ಅಂತ ವಿಡಿಯೋ ಬಂದಿದೆ, ಎಲ್ಲರೂ ನೋಡಿ. ರೇಡಿಯೇಟರ್ ಸೋರಿದ್ರೆ ಒಂದು ಹಿಡಿ ಅರಿಶಿನ ಪುಡಿ.

ಮೇಸ್ತ್ರಿ: ನುಸಿಗುಳಿಗೆ ಬಟ್ಟೆ ಬೀರುವಿಗೆ. ಇಂಜೆಕ್ಷನ್ ಪಂಪಿನ ಪ್ಲಂಜರ್ (ಡೀಸೆಲ್ ಒತ್ತೋ ಕಡ್ಡಿ) ಮತ್ತು ಬ್ಯಾರಲ್ (ಅದರ ಕೊಳವೆ) ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ಕರಗದೆ ಉಳಿದದ್ದು ಫಿಲ್ಟರ್ ಕಟ್ಟಿಸುತ್ತೆ. ಅರಿಶಿನ ತೂತು ಮುಚ್ಚುತ್ತೆ ನಿಜ, ಜೊತೆಗೆ ಒಳ್ಳೇ ಟ್ಯೂಬುಗಳನ್ನೂ ಮುಚ್ಚುತ್ತೆ. ಆಮೇಲೆ ಹೀಟ್ ಆಗಿ ಹೆಡ್ ಬಾಗಿದರೆ ವಿಡಿಯೋ ಮಾಡಿದವನು ಬರಲ್ಲ.

ಹೊಸಗಾಡಿ, ಹಾಸನ: 10 ವರ್ಷ ದಾಟಿದ ಟ್ರ್ಯಾಕ್ಟರ್ ಗುಜರಿಗೆ ಹಾಕ್ಲೇಬೇಕಂತಲ್ಲ, ಮೆಸೇಜ್ ಬಂದಿದೆ. ಮತ್ಯಾಕೆ ರಿಪೇರಿ? ಈಗ ಜಿಎಸ್‌ಟಿ ಬೇರೆ ಕಡಿಮೆ.

ಮೇಸ್ತ್ರಿ: ಸುಳ್ಳು, ಕೇಂದ್ರ ಸಾರಿಗೆ ಸಚಿವಾಲಯ 2023ರಲ್ಲೇ ಅಲ್ಲಗಳೆದಿದೆ. ರೈತರ ಟ್ರ್ಯಾಕ್ಟರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದ್ದು ನಿಜ. ಟ್ರ್ಯಾಕ್ಟರಿನ ಹಲವು ಬಿಡಿಭಾಗಕ್ಕೂ 18ರಿಂದ 5ಕ್ಕೆ ಇಳಿದಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಲೆಕ್ಕ ಬೇಕಾ? ನವಲಗುಂದದವರದ್ದೇ ತಗೊಳ್ಳಿ. ಹೊಸದಕ್ಕೆ ಸಾಲ 5.6 ಲಕ್ಷ. 11 ಪರ್ಸೆಂಟ್ ಹಿಡಿದರೆ ಮೊದಲ ವರ್ಷದ ಬಡ್ಡಿಯೇ 61,600. ವರ್ಷಕ್ಕೆ 400 ಗಂಟೆ ಓಡಿಸಿದರೆ ಗಂಟೆಗೆ 154 ರೂಪಾಯಿ, ಅಸಲು ಬೇರೆ. 85,000 ಕೊಟ್ಟು ಬೋರ್ ಮಾಡಿಸಿ 2,000 ಗಂಟೆ ಓಡಿಸಿದರೂ ಗಂಟೆಗೆ 42.50. ಆದರೆ ಈ ಲೆಕ್ಕ ಗೇರ್‌ಬಾಕ್ಸ್, ನೇಗಿಲು ಎತ್ತೋ ಹೈಡ್ರಾಲಿಕ್ ಲಿಫ್ಟ್ ಗಟ್ಟಿ ಇದ್ದರೆ ಮಾತ್ರ. ನೇಗಿಲು ಎತ್ತಿ ಎಂಜಿನ್ ನಿಲ್ಲಿಸಿದ ತಕ್ಷಣ ಕೆಳಗೆ ಕೂತರೆ, ಲೋಡಿನಲ್ಲಿ ಗೇರ್ ತಾನೇ ಹಾರಿದರೆ, ಆ ಖರ್ಚೂ ಕೂಡಿಸಿ.

ತೆಂಗಿನತೋಟ, ತಿಪಟೂರು: ಪಿಟಿಒ (ಉಪಕರಣ ತಿರುಗಿಸೋ ಹಿಂದಿನ ಶಾಫ್ಟ್) ಹಾಕಿದಾಗ ರೋಟವೇಟರ್ ತಡೆದು ತಡೆದು ತಿರುಗುತ್ತೆ. ಕ್ಲಚ್ ಪ್ಲೇಟಾ, ಗೇರಾ?

ಹೊಸಗಾಡಿ, ಹಾಸನ: ಮೇಸ್ತ್ರಿಗಳಿಗೆ ಹೊಸ ಗಾಡಿ ಅಂದ್ರೆ ಆಗಲ್ಲ ಬಿಡಿ, ಕೆಲಸ ಕಡಿಮೆ ಆಗುತ್ತಲ್ಲ.

ಜೋಳದಹೊಲ, ಸಿಂದಗಿ: ಸ್ವಂತ ಗಾಡಿನೇ ಯಾಕ್ರೀ? ಐದಾರು ಎಕರೆಯವ್ರಿಗೆ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗಿ ಸಾಕು. ಉಳಿದದ್ದೆಲ್ಲ ಶೋಕಿ.

ಭತ್ತದಗದ್ದೆ, ಮಂಡ್ಯ: ಶೋಕಿನಾ? ಮಳೆ ಬಿದ್ದ ಮೂರನೇ ದಿನ ಎಲ್ಲಾ ಒಟ್ಟಿಗೇ ಬಾಡಿಗೆಗೆ ನಿಂತ್ಕೋತಾರೆ. ನಿಮ್ಮ ಸರದಿ ಬರೋವರ್ಗೆ ಹದ ಕಾಯ್ತದಾ?

ಜೋಳದಹೊಲ, ಸಿಂದಗಿ: ಹದ ಹದ ಅಂತ ಬಡ್ಡಿ ಕಟ್ಕೋತ ಕುಂದ್ರಿ.

ಹೊಸಗಾಡಿ, ಹಾಸನ: ಮಾತು ಸರಿಯಾಗಿ ಆಡಿ.

ಗುಂಪಿನ ಅಡ್ಮಿನ್: ಸಾಕು. ಬಾಡಿಗೆ ಜಗಳಕ್ಕೆ ಬೇರೆ ಗುಂಪಿದೆ.

ರಾಗಿಹೊಲ, ಕುಣಿಗಲ್: ಸೆಕೆಂಡ್ಸ್‌ನಲ್ಲಿ ಎಚ್‌ಎಂಟಿ 3522 ಒಂದಿದೆ, ಎಂಜಿನ್ ಚೆನ್ನಾಗಿದೆ ಅಂತಾರೆ. ತಗೋಬಹುದಾ?

ಮೇಸ್ತ್ರಿ: ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚೋಕೆ 2016ರಲ್ಲೇ ತೀರ್ಮಾನ ಆಗಿದೆ. ಅಡ್ವಾನ್ಸ್ ಕೊಡೋ ಮುಂಚೆ ಗೇರ್, ಹೈಡ್ರಾಲಿಕ್ ಪಂಪು ಸಿಗುತ್ತಾ ಅಂತ ನಿಮ್ಮ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿ. ಎಂಜಿನ್ ಬಿಸಿ ಇರುವಾಗ ಐಡಲಿಂಗ್‌ನಲ್ಲಿ ಆಯಿಲ್ ತುಂಬೋ ಮುಚ್ಚಳ ಸಡಿಲ ಮಾಡಿ ಸುಮ್ಮನೆ ಇಡಿ. ಕುಣಿದು ಬಿದ್ದರೆ ರಿಂಗ್, ಲೈನರ್ ಮುಗಿದಿದೆ.

ಕಬ್ಬಿನಗಾಡಿ, ಮುಧೋಳ: ಲೋಡಿಗೆ ಕಪ್ಪು ಹೊಗಿ ಬರ್ತೈತ್ರಿ ಮೇಸ್ತ್ರಿ.

ಮೇಸ್ತ್ರಿ: ಮೇಲೆ ಓದಿ.

ಕಬ್ಬಿನಗಾಡಿ, ಮುಧೋಳ: ಒಂದು ಮಾತು ಹೇಳಿದ್ರ ಬಾಯಿ ಸವಿತೈತೇನ್ರಿ?

ಎರಿಹೊಲ, ನವಲಗುಂದ: ತವಾ ಚಟಪಟ ಅನಲಿಲ್ರಿ. ಪೇಪರ್ ಮ್ಯಾಲೆ ಅಗಲಾಗಿ ಉಂಗುರ ಬಂತು. ಲಿಫ್ಟ್ ಪಂಪ್ ಒತ್ತಿದ್ರ ಲಿವರ್ ಕಡೆ ಡೀಸೆಲ್ ಸೋರತೇತಿ.

ಮೇಸ್ತ್ರಿ: ಹಾಗಾದರೆ ಡಯಾಫ್ರಮ್. ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, 15ಡಬ್ಲ್ಯೂ-40 ಹೊಸ ಎಂಜಿನ್ ಆಯಿಲ್ ಹಾಕಿ. ಇಳಿಸಿದ್ದನ್ನು ಸೋಸಿ ಮತ್ತೆ ಹಾಕಬೇಡಿ. ಗೆರೆ ನೋಡಿಕೊಂಡು 10 ಗಂಟೆ ಓಡಿಸಿ, ಮತ್ತೆ ಏರಿದರೆ ಇಂಜೆಕ್ಷನ್ ಪಂಪಿನ ಸೀಲ್. ಏರದಿದ್ದರೂ ಕೆಲಸ ಮುಗಿದಿಲ್ಲ. 30 ಗಂಟೆ ತೆಳು ಆಯಿಲ್‌ನಲ್ಲಿ ಓಡಿದೆ, ಬಿಸಿ ಇರುವಾಗ ಆಯಿಲ್ ಪ್ರೆಷರ್ ನೋಡಿ. ಮುಳ್ಳು ತಳಕ್ಕೆ ಬಿದ್ದರೆ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕಡೆಯದ್ದು) ತೆಗೆದು ನೋಡಿ. ತಾಮ್ರದ ಬಣ್ಣ ಕಂಡರೆ ಬೇರಿಂಗ್ ಹೋಗಿದೆ. ಅದರ ಬೆನ್ನಲ್ಲಿ 0.25, 0.50, 0.75 ಅಂತ ಅಂಡರ್‌ಸೈಜ್ (ಕ್ರ್ಯಾಂಕ್ ಎಷ್ಟು ಮಿ.ಮೀ. ಗ್ರೈಂಡ್ ಆಗಿದೆ ಅನ್ನೋ ಗುರುತು) ಹೊಡೆದಿರ್ತಾರೆ. 0.75 ಇದ್ದು ಕ್ರ್ಯಾಂಕ್ ಮೇಲೆ ಗೆರೆ ಬಿದ್ದಿದ್ದರೆ ಸಾಮಾನ್ಯವಾಗಿ ಮತ್ತೆ ಗ್ರೈಂಡ್ ಮಾಡಿಸೋಕೆ ಜಾಗ ಇರಲ್ಲ, ಹೊಸ ಕ್ರ್ಯಾಂಕ್ ಬೇಕಾಗುತ್ತೆ. ಆವಾಗ ಎಕ್ಸ್‌ಚೇಂಜ್ ಮಾತಾಡೋಣ.

ಎರಿಹೊಲ, ನವಲಗುಂದ: ಬೆನ್ನಿನ ನಂಬರ್ ಫೋಟೋ ಹಾಕ್ತೀನ್ರಿ.

ಕೆಂಪುಮಣ್ಣು, ಕೋಲಾರ: ಆಯಿಲ್‌ಗೆ ಶಾಂಪೂ ಹಾಕಿ ಫ್ಲಶ್ ಮಾಡೋ ವಿಡಿಯೋ ಇದೆ, ಕಳಿಸ್ಲಾ?

ತೆಂಗಿನತೋಟ, ತಿಪಟೂರು: ಪಿಟಿಒ ಬಗ್ಗೆ ಕೇಳಿದ್ದೆ ಸರ್…